ಹದಿನೆಂಟನೆಯ ಕುಳಿಯ ಮುನಿಸು

ಗಾಲ್ಫ್ ಮೈದಾನದ ಹದಿನೆಂಟನೆಯ ಕುಳಿಗೆ ಮುದ್ದಯ್ಯನವರ ಮೇಲೆ ಮೂವತ್ತು ವರ್ಷದ ಮುನಿಸು. ಪ್ರತಿ ಭಾನುವಾರ ಹದಿನೇಳು ಕುಳಿಗಳಿಗೆ ಅಕ್ಕರೆಯಿಂದ ಚೆಂಡು ಹಾಕುತ್ತಿದ್ದ ಆ ಹಿರಿಯರು, ಗಂಟೆ ಒಂದಾಯಿತೆಂದರೆ ಆಟ ಬಿಟ್ಟು ಮನೆಗೆ ಓಡುತ್ತಿದ್ದರು. ಕೊನೆಯ ಕುಳಿಯತ್ತ ಒಮ್ಮೆಯೂ ಬಂದವರಲ್ಲ.

ಅವರು ತೀರಿಕೊಂಡ ಮರುವರ್ಷ, ಅವರ ಹುಟ್ಟುಹಬ್ಬದ ದಿನ, ಮಕ್ಕಳು ಮೊಮ್ಮಕ್ಕಳೆಲ್ಲ ಬುತ್ತಿ ಹೊತ್ತು ನಗುತ್ತಾ ನೇರ ಆ ಕುಳಿಯ ಬಳಿಗೇ ಬಂದರು. ಮೊಮ್ಮಗಳು ಇಂಚರ ತಾತನ ಹಳೆಯ ಗಾಲ್ಫ್ ಕೋಲಿನಿಂದ ಚೆಂಡು ತಳ್ಳಿದಳು. ಕುಳಿ ತುಟಿ ಬಿಗಿಹಿಡಿಯಿತು. ಚೆಂಡು ಅಂಚು ಸುತ್ತಿ ಹೊರಗುರುಳಿತು. ಎರಡನೆಯ ಸಲವೂ ಅಷ್ಟೇ.

"ಏನಯ್ಯಾ, ಬಾಯಿ ಬಿಡಬಾರದೇ?" ಎಂದಿತು ಕೋಲು.

"ಯಾಕೆ ಬಿಡಲಿ? ನಿನ್ನ ಯಜಮಾನರು ನನ್ನ ಮುಖ ನೋಡಿದ್ದುಂಟೇ?"

"ಅವರು ಹೋಗಿ ಕೂರುವ ತನಕ ಮನೆಯಲ್ಲಿ ಯಾರೂ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಹಸಿದ ಮಕ್ಕಳನ್ನು ಕಾಯಿಸಿ ನಿನ್ನನ್ನು ಗೆಲ್ಲುವ ಆಸೆ ಅವರಿಗಿರಲಿಲ್ಲ."

ಕುಳಿ ಸುತ್ತ ನೋಡಿತು. ಹುಲ್ಲಿನ ಮೇಲೆ ಎಲೆ ಹಾಕಿ ಬಡಿಸಿಯೂ ಆಗಿತ್ತು, ಆದರೆ ಯಾರೂ ತುತ್ತೆತ್ತಿರಲಿಲ್ಲ.

"ಇವರೇಕೆ ಸುಮ್ಮನೆ ಕೂತಿದ್ದಾರೆ?"

"ತಾತನ ಆಟ ಮುಗಿಯಲಿ ಎಂದು."

"ಅಯ್ಯೋ, ಮೊದಲೇ ಹೇಳಬಾರದೇ!" ಎಂದು ಕುಳಿ ಗಾಬರಿಯಿಂದ ಬಾಯಿ ಅಗಲಿಸಿತು. ಮೂರನೆಯ ಸಲ ಇಂಚರ ತಳ್ಳಿದ ಚೆಂಡು ಒಂದು ಗೇಣು ಆಚೆಗೇ ಹೊರಟಿತ್ತು. ಅದು ಹೇಗೆ ತಿರುಗಿತೋ, ಠಣಕ್ಕನೆ ಒಳಗೆ ಬಿತ್ತು.

ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿ ಊಟಕ್ಕೆ ಕೈ ಹಾಕಿದರು. ತಾತನಿಗೆಂದು ಬಡಿಸಿದ್ದ ಎಲೆಯನ್ನು ಇಂಚರ ಕುಳಿಯ ಪಕ್ಕಕ್ಕೇ ತಂದಿಟ್ಟಳು.