ಚುಕ್ಕಿರೋಗಕ್ಕೆ ಸುಬ್ರಾಯನ ಮದ್ದು

ಪೆದ್ದ ಮಗನನ್ನು ಹೆತ್ತವಳ ಹೊಟ್ಟೆಯುರಿ ಹೆತ್ತವಳಿಗೇ ಗೊತ್ತು ಕಣ್ರಪ್ಪಾ! ನಂಬದಿದ್ರೆ ಗುಲಾಬಕ್ಕನ್ನ ಕೇಳಿ. ವಾಮನ ಪೈಗಳ ಮೀನುಮನೆ ನೋಡಿಕೊಳ್ಳೋದು ಅವಳ ಕೆಲಸ. ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ಅದರೊಳಗೆ ಬಣ್ಣಬಣ್ಣದ ಕಡಲಮೀನು. ಆ ಮೀನುಗಳಿಗೆ ಚುಕ್ಕಿರೋಗ ಬಂತು! ದಿನಕ್ಕೊಂದು ಸಾಯ್ತಾ ಬಂತು. ಪೈಗಳು ಗುಡುಗಿದರು: "ಬರೋ ವಾರ ಬಂದು ನೋಡ್ತೇನೆ. ಮೀನು ಉಳಿದ್ರೆ ನಿನಗೆ ಕೆಲಸ ಉಂಟು, ಇಲ್ಲದಿದ್ರೆ ಇಲ್ಲ!"

ಗುಲಾಬಕ್ಕ ದಿನಾ ಬೆಳಿಗ್ಗೆ ಹೊಸ ನೀರು ತರೋಕೆ ಕಡಲಿಗೆ ಹೋಗಬೇಕು. ಆಗ ಮೀನು ಕಾಯೋನು ಮಗ ಸುಬ್ರಾಯ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಸೊನ್ನೆ!

"ಬಿಳಿ ಚುಕ್ಕಿ ಇರೋ ಮೀನನ್ನ ಹಿಡಿದು ಅಂಗಳದ ಮದ್ದಿನ ತೊಟ್ಟಿಗೆ ಹಾಕು, ಮಗಾ!"

"ಆಯ್ತಮ್ಮಾ!"

ಬಂದು ನೋಡಿದ್ರೆ, ಮದ್ದಿನ ತೊಟ್ಟಿಯಲ್ಲಿ ಹುಟ್ಟಿನಿಂದಲೇ ಬಿಳಿ ಚುಕ್ಕಿಯಿರೋ ಕರಿಮೀನುಗಳು, ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾದವು! ರೋಗದ ಹಳದಿ ಮೀನು ಇದ್ದಲ್ಲೇ ಇದೆ.

"ಇದರ ಮೈತುಂಬ ಚುಕ್ಕಿ ಕಾಣಲಿಲ್ವೇನೋ?"

"ಅದು ಉಪ್ಪಲ್ವಾ ಅಮ್ಮಾ? ಉಪ್ಪುನೀರಲ್ಲಿದ್ರೆ ಉಪ್ಪು ಅಂಟದೇ ಇರ್ತದಾ?"

"ನಿನ್ನ ಮನೆ ಹಾಳಾಗ!" ಅಂದಳು ಗುಲಾಬಕ್ಕ, ಅವನ ಮನೆಯೇ ತನ್ನ ಮನೆ ಅನ್ನೋದೂ ಮರೆತು. "ನಿನ್ನೆ ಇಲ್ಲದ್ದು ಇವತ್ತು ಕಂಡ್ರೆ ಅದು ರೋಗ ಕಣೋ! ಅದನ್ನ ತೆಗಿ!"

"ಆಯ್ತಮ್ಮಾ!"

ಮಾರನೇ ದಿನ ಬಂದ್ರೆ, ಕೈಯಲ್ಲಿ ಚಾಕು ಹಿಡಿದು ನಿಂತಿದ್ದಾನೆ! "ತೊಟ್ಟಿಯೊಳಗಿನ ಕಲ್ಲಿನ ಮೇಲೆ ಕೇಸರಿ ಬಣ್ಣದ ಕಾಳು ಎದ್ದಿತ್ತು. ನಿನ್ನೆ ಇರಲಿಲ್ಲ. ಕೆರೆದು ಚರಂಡಿಗೆ ಎಸೆದೆ!"

"ಮೊಟ್ಟೆ ಕಣೋ ಅದು! ಎರಡು ವರ್ಷ ಕಾದ ಮೊಟ್ಟೆ!" ಎದೆ ಎದೆ ಬಡಿದುಕೊಂಡಳು. ಹೇಳಿ, ಇಂಥವನನ್ನ ಏನು ಮಾಡೋದು? ಹೊಡೆದ್ರೆ ನಗ್ತಾನೆ, ಬೈದ್ರೆ ಆಯ್ತಮ್ಮಾ ಅಂತಾನೆ!

"ಚುಕ್ಕಿ ಸುದ್ದಿ ಬಿಡು! ಏದುಸಿರು ಬಿಡ್ತದಾ? ಕಲ್ಲಿಗೆ ಮೈ ಉಜ್ಜುತ್ತದಾ? ಮೇವು ಕೊಟ್ರೆ ಮುಟ್ಟೋದಿಲ್ವಾ? ಅದೇ ರೋಗಿ! ಸಿಹಿನೀರಲ್ಲಿ ಒಮ್ಮೆ ಅದ್ದು, ಆಮೇಲೆ ಮದ್ದಿನ ತೊಟ್ಟಿಗೆ ಬಿಡು. ಬಾಯಿ ತೆರೆದು ಮೇವಿಗೆ ಬಂತೋ, ವಾಸಿಯಾಯ್ತು ಅಂತ ತಿಳ್ಕೋ!"

"ಆಯ್ತಮ್ಮಾ!"

ಈ ಸಲ ಸರಿಯಾಗೇ ಮಾಡಿದ ಕಣ್ರೀ! ನಾಲ್ಕೇ ದಿನದಲ್ಲಿ ಹಳದಿ ಮೀನೂ ಚೇತರಿಸಿಕೊಂಡು ಗಾಜಿನ ತೊಟ್ಟಿಗೆ ಮರಳಿತು. ಐದನೇ ದಿನ ಪೈಗಳು ಬಂದರು. ಭಾರೀ ಮೈ, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಬೆವರುಸಾಲೆ ಬೇರೆ, ಬೆನ್ನನ್ನ ಕಂಬಕ್ಕೆ ಗಸಗಸ ಉಜ್ಜಿದರು. ತೊಟ್ಟಿ ನೋಡಿ ಅಂದರು, "ಭೇಷ್ ಗುಲಾಬೀ! ಕೆಲಸ ನಿನ್ನದೇ!"

ಅವಳ ಕಣ್ಣು ತುಂಬಿ ಬಂತು. "ಒಡೆಯಾ, ಚೂರು ಅವಲಕ್ಕಿ ತಿನ್ನಿ."

"ಬೇಡ, ಇವತ್ತು ಏಕಾದಶಿ."

"ಹಾಗಾದ್ರೆ ಎಳನೀರು ತರ್ತೇನೆ" ಅಂತ, ಮಗನನ್ನ ಅಲ್ಲೇ ಬಿಟ್ಟು ಒಳಗೆ ಹೋದಳು. ಹೋಗಬಾರದಿತ್ತು!

ಬಂದು ನೋಡಿದ್ರೆ, ಸಿಹಿನೀರಿನ ಡ್ರಮ್ಮಿನ ಪಕ್ಕ ಪೈಗಳ ಚಪ್ಪಲಿ. ಮದ್ದಿನ ತೊಟ್ಟಿಯಲ್ಲಿ ಕುತ್ತಿಗೆ ಮಟ್ಟ ಪೈಗಳು!

"ಏನು ಮಾಡಿದೆಯೋ ಪಾಪೀ!"

"ಏದುಸಿರು ಬಿಟ್ರು, ಮೈ ಉಜ್ಜಿದ್ರು, ತಿಂಡಿ ಬೇಡ ಅಂದ್ರು! ನೀನು ಹೇಳಿದ್ದನ್ನೇ ಮಾಡಿದೆ!"

"ಗುಲಾಬೀ! ಈ ಕ್ಷಣದಿಂದ ನಿನ್ನ ಕೆಲಸ..." ಅಂತ ಪೈಗಳು ಬಾಯಿ ಅಗಲಿಸಿದರು.

"ಬಾಯಿ ತೆರೆದ್ರಮ್ಮಾ! ವಾಸಿಯಾಯ್ತು!" ಅಂತ ಕುಣಿದ ಸುಬ್ರಾಯ, ಮೀನಿನ ಮೇವಿಗಿಟ್ಟ ಹಸಿ ಸೀಗಡಿ ಒಂದು ಮುಷ್ಟಿ ತುರುಕಿಯೇ ಬಿಟ್ಟ. ಏಕಾದಶಿ ದಿನ! ಪೈಗಳ ಬಾಯಿಗೆ!