ತಮ್ಮನ ದೋಣಿ

"ಗುರುಗಳೇ, ಭಾಗಗಳು ಬಹಳ ಇದ್ದರೆ ಅದನ್ನು ಸಂಕೀರ್ಣ ಎನ್ನುತ್ತೇವೆ. ಜೀವಿಗಳ ವಿಷಯದಲ್ಲಿ, ಜನ ಕೂಡಿ ನಡೆಸುವ ಸಂಘದ ವಿಷಯದಲ್ಲಿ ಕೂಡ ಸಂಕೀರ್ಣ ಎಂದರೆ ಇಷ್ಟೇ ಏನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಕಡಲತೀರದ ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಮೀನುಗಾರರಿದ್ದರು. ತಂದೆ ಇಬ್ಬರಿಗೂ ಒಂದೇ ಅಳತೆಯ ಒಂದೊಂದು ದೋಣಿ ಬಿಟ್ಟುಹೋಗಿದ್ದ. ಒಂದೊಂದರಲ್ಲೂ ಎಂಟು ಆಳು. ತಮ್ಮನ ದೋಣಿ ದಿನವೂ ತುಂಬಿ ಬರುತ್ತಿತ್ತು. ಅದು ದಡಕ್ಕೆ ಬರುವುದನ್ನು ನೋಡಿದರೆ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಗುಟ್ಟೆಲ್ಲ ಚುಕ್ಕಾಣಿ ಹಿಡಿಯುವವನಲ್ಲಿದೆ ಎಂದುಕೊಂಡು ಅಣ್ಣ ಅವನನ್ನು ಆಸೆ ತೋರಿಸಿ ಕರೆದುಕೊಂಡ. ತನ್ನ ಚುಕ್ಕಾಣಿಯವನನ್ನು ಬಿಟ್ಟುಬಿಟ್ಟ. ತಮ್ಮನ ದೋಣಿ ಎರಡು ದಿನ ಅಡ್ಡಾದಿಡ್ಡಿ ಹೋಯಿತು. ಆಮೇಲೆ ಹುಟ್ಟು ಹಾಕುವವನೊಬ್ಬ ಚುಕ್ಕಾಣಿಗೆ ಕೂತ. ಅಣ್ಣ ಬಿಟ್ಟವನನ್ನೇ ತಮ್ಮ ಸೇರಿಸಿಕೊಂಡು ಅವನ ಕೈಗೆ ಹುಟ್ಟು ಕೊಟ್ಟ. ದೋಣಿ ಮತ್ತೆ ತುಂಬಿ ಬಂತು.

ಅಣ್ಣ ಬಲೆ ಬೀಸುವವನನ್ನು ಕರೆದುಕೊಂಡ. ಆಮೇಲೆ ಮೀನಿನ ಜಾಡು ಬಲ್ಲವನನ್ನು. ವರ್ಷ ತುಂಬುವುದರೊಳಗೆ ಎಂಟು ಜನರೂ ಅವನ ಕಡೆಗಾದರು. ಅವನು ಬಿಟ್ಟ ಎಂಟು ಜನ ಒಬ್ಬೊಬ್ಬರಾಗಿ ತಮ್ಮನ ದೋಣಿ ಹತ್ತಿದ್ದರು. ಹೊಸಬ ಬಂದಾಗಲೆಲ್ಲ ಅಲ್ಲಿದ್ದವರು ಸರಿದು ಜಾಗ ಮಾಡಿಕೊಡುತ್ತಿದ್ದರು. ಅವನು ಇವರಿಂದ ಕಲಿಯುತ್ತಿದ್ದ, ಇವರೂ ಅವನಿಂದ ಸ್ವಲ್ಪ ಬದಲಾಗುತ್ತಿದ್ದರು.

ಅಣ್ಣನಿಗೆ ತಾನು ಕರೆತಂದವರ ಮೇಲೆ ನಂಬಿಕೆಯಿರಲಿಲ್ಲ. ಪ್ರತಿಯೊಬ್ಬನಿಗೂ ಒಂದು ಜಾಗ ಗೊತ್ತುಮಾಡಿ, ತಾನು ಹೇಳದೆ ಯಾರೂ ಕೈಯೆತ್ತಕೂಡದು ಎಂದ.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ಅಣ್ಣ ಐದನೆಯವನಿಗೆ ಅಪ್ಪಣೆ ಕೊಡುವಷ್ಟರಲ್ಲಿ ದೋಣಿ ಮಗುಚಿತು. ತಮ್ಮ ಬಂದು ಎಲ್ಲರನ್ನೂ ನೀರಿನಿಂದ ತನ್ನ ದೋಣಿಗೆ ಎಳೆದುಕೊಂಡ. ಅಣ್ಣ ನಡುಗುತ್ತ ಕೂತು ನೋಡಿದ. ಅಲೆ ಏರಿ ಬಂದಾಗಲೆಲ್ಲ ತಮ್ಮನ ಆಳುಗಳು ಒಟ್ಟಿಗೆ ವಾಲುತ್ತಿದ್ದರು. ತಮ್ಮ ಬಾಯಿ ಬಿಡುತ್ತಿರಲಿಲ್ಲ. ಜೀವ ಉಳಿದ ಆ ಗಳಿಗೆಯಲ್ಲೂ ಅಣ್ಣನ ಹೊಟ್ಟೆ ಉರಿಯಿತು.

"ಇಲ್ಲಿ ಅಪ್ಪಣೆ ಕೊಡುವವನು ಯಾರೋ?" ಎಂದ.

"ಅಲೆ ಯಾರಿಗೆ ಮೊದಲು ಕಂಡಿತೋ ಅವನು, ಅಣ್ಣ. ಒಂದೊಂದು ಸಲ ಒಬ್ಬೊಬ್ಬ" ಎಂದ ತಮ್ಮ.



"ಆಗಲಾದರೂ ಅಣ್ಣನಿಗೆ ತಿಳಿಯಿತೆ?" ಎಂದು ಶಿಷ್ಯ ಕೇಳಿದ.

"ದಡ ಮುಟ್ಟಿದೊಡನೆ ಅವನು, ಇವತ್ತು ಅಲೆಯನ್ನು ಮೊದಲು ಕಂಡವನು ಯಾರೆಂದು ವಿಚಾರಿಸಿ, ಅವನನ್ನು ತನ್ನ ಕಡೆಗೆ ಕರೆದ" ಎಂದರು ಗುರು.