ಮಂಡಕ್ಕಿಗೆ ಬಂದ ಮೀನು

ತುಂಗಭದ್ರೆಯ ದಡದಲ್ಲಿ ಮಠದ್ದೊಂದು ಸಣ್ಣ ಆಸ್ಪತ್ರೆಯಿತ್ತು. ಅಲ್ಲಿ ನೀಲಾಂಬಿಕೆ ಎಂಬ ವಯಸ್ಸಾದ ವೈದ್ಯೆ ಇದ್ದರು. ರೋಗಿಯ ಮೈಯಿಂದ ತೆಗೆದ ಮಾಂಸದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಯಾವುದೆಂದು ಹೇಳುವುದು ಅವರ ಕೆಲಸ. ತಿಪ್ಪೇಶ ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದ.

ಒಂದು ಬೆಳಿಗ್ಗೆ ಅವನು ಓಡುತ್ತಲೇ ಬಂದ. ಕೈಯಲ್ಲಿ ಮಂಡಕ್ಕಿಯ ಪೊಟ್ಟಣವಿತ್ತು.

"ಅಮ್ಮಾ, ಕೊಟ್ರಮ್ಮನ ಗಾಜು ನೋಡಿದೆ. ಕಾವಲು ಕಣಗಳು ದಂಡುದಂಡಾಗಿ ನಿಂತಿವೆ."

ಕೊಟ್ರಮ್ಮ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ಅವಳ ಎಡಮೊಲೆಯಲ್ಲಿ ಗಡ್ಡೆಯಾಗಿತ್ತು. ಮೊದಲು ದಪ್ಪ ಸೂಜಿ ಚುಚ್ಚಿ ಎಳೆಯಷ್ಟು ಮಾಂಸ ತೆಗೆದು ನೋಡಿದ್ದರು. ಕ್ಯಾನ್ಸರ್ ಎಂದು ತಿಳಿದ ಮೇಲೆ ಗಡ್ಡೆಯನ್ನೇ ಕೊಯ್ದು ತೆಗೆದಿದ್ದರು. ಅದರದೇ ಒಂದು ತೆಳು ಪದರ, ಬಣ್ಣ ಹಾಕಿ, ಈಗ ಗಾಜಿನ ಮೇಲಿತ್ತು. ಮುಂದೆ ಕ್ಯಾನ್ಸರ್ ಔಷಧಿ ಶುರುಮಾಡುವುದಿತ್ತು.

ಕಾವಲು ಕಣಗಳೆಂದರೆ ಬಿಳಿ ರಕ್ತಕಣಗಳು. ಮೈಗೆ ಕೇಡಾದಲ್ಲಿಗೆ ಓಡಿಬಂದು ಹೋರಾಡುವಂಥವು. ಗಾಜಿನ ಮೇಲೆ ನೀಲಿ ಸಾಸಿವೆಯ ಹಾಗೆ ಕಾಣುತ್ತವೆ. ಗಡ್ಡೆಯೊಳಗೆ ಅವು ತುಂಬಿದ್ದರೆ ಒಳ್ಳೆಯ ಲಕ್ಷಣವೆಂದು ತಿಪ್ಪೇಶ ಓದಿದ್ದ.

"ಅವಳಿಗೆ ಹೇಳಿದೆಯಾ?" ನೀಲಾಂಬಿಕೆ ಕೇಳಿದರು.

"ಹೇಳಿಬಿಟ್ಟೆ ಅಮ್ಮಾ. ವರಾಂಡದಲ್ಲಿ ಸಿಕ್ಕಿ ಬಹಳ ಕೇಳಿಕೊಂಡಳು. ನಿಮ್ಮ ಮೈಯೇ ಚೆನ್ನಾಗಿ ಹೋರಾಡ್ತಿದೆ ಅಂದೆ. ಕಣ್ಣಲ್ಲಿ ನೀರು ಹಾಕಿ ಈ ಮಂಡಕ್ಕಿ ಕೊಟ್ಟಳು."

"ಆಮೇಲೆ?"

ತಿಪ್ಪೇಶನ ದನಿ ಇಳಿಯಿತು. "'ಹಂಗಾದ್ರೆ ಆ ಕೂದಲು ಉದುರೋ ಔಷಧಿ ನನಗ್ಯಾಕ್ರೀ ಡಾಕ್ಟ್ರೇ' ಅಂದಳು. ಗಂಟು ಕಟ್ಟುತ್ತಿದ್ದಾಳೆ. ಮಧ್ಯಾಹ್ನದ ಬಸ್ಸಿಗೆ ಊರಿಗಂತೆ."

ನೀಲಾಂಬಿಕೆ ಸೂಕ್ಷ್ಮದರ್ಶಕದ ಕಡೆ ತಿರುಗಲಿಲ್ಲ. ಮಂಡಕ್ಕಿಯ ಪೊಟ್ಟಣ ಎತ್ತಿಕೊಂಡು ಹೊಳೆಯ ಕಡೆ ನಡೆದರು. ಶಿಷ್ಯ ಹಿಂದೆ ಹೋದ.

ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಎಸೆದರು. ನೀರು ಕುದಿದಂತಾಯಿತು. ಮೀನಿನ ಮೇಲೆ ಮೀನು.

"ಹೊಳೆಯಲ್ಲಿ ಮೀನು ಹೇಗಿವೆ?"

"ತುಂಬಿ ತುಳುಕುತ್ತಿವೆ ಅಮ್ಮಾ."

ಅವರು ದಡದಗುಂಟ ನಡೆದು ಬಟ್ಟೆ ಒಗೆಯುವ ಮೆಟ್ಟಿಲಿಗೆ ಬಂದರು. ಅದೇ ಹೊಳೆ. ತಳದ ಮರಳು ಕಾಣುವಷ್ಟು ತಿಳಿನೀರು. ಒಂದು ಮೀನೂ ಇರಲಿಲ್ಲ.

"ಇಲ್ಲಿ?"

"ಇಲ್ಲಿ ನಾವು ಮಂಡಕ್ಕಿ ಎಸೆದಿಲ್ಲವಲ್ಲ."

"ಮೀನಿಗೂ ನಿನಗೂ ಒಂದೇ ಬುದ್ಧಿ. ನೀನೂ ಗುಂಪು ಕಂಡ ಕಡೆಗೇ ಓಡಿದೆ. ಹೋಗು, ಗಾಜನ್ನು ಇನ್ನೊಮ್ಮೆ ನೋಡು. ಈ ಸಲ ದೂರದಿಂದ ನೋಡು."

ಅವನು ಸೂಕ್ಷ್ಮದರ್ಶಕಕ್ಕೆ ಕಡಿಮೆ ಹಿಗ್ಗಿಸಿ ತೋರಿಸುವ ಮಸೂರ ಇಟ್ಟು ಇಡೀ ಗಾಜನ್ನು ಒಟ್ಟಿಗೆ ನೋಡಿದ. ನೀಲಿ ದಂಡಿನ ನಡುವೆ ಒಂದು ಗೀರು ಕಂಡಿತು. ಮಾಯುತ್ತಿರುವ ಗಾಯದ ಗೀರು. ಮೊದಲು ಸೂಜಿ ಚುಚ್ಚಿದ್ದರಲ್ಲ, ಅದು ಹಾದುಹೋದ ದಾರಿ. ಕಾವಲುಗಾರರು ಬಂದದ್ದು ಆ ಗಾಯಕ್ಕೆ. ಉಳಿದ ಗಡ್ಡೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಅವೂ ಅಂಚಿನಲ್ಲೇ.

ಅವನು ಎದ್ದು ನೀಲಾಂಬಿಕೆಯವರ ಬಳಿ ಬಂದ.

"ಸೂಜಿ ಚುಚ್ಚಿದ್ದು ಕಾವಲುಗಾರರಿಗೆ ಗೊತ್ತಾಯಿತು. ಅಷ್ಟು ದೊಡ್ಡ ಗಡ್ಡೆ ಯಾಕೆ ಗೊತ್ತಾಗಲಿಲ್ಲ ಅಮ್ಮಾ?"

"ಸೂಜಿ ಹೊರಗಿನದು. ಗಡ್ಡೆ ಅವಳದೇ ಮಾಂಸ. ಅದು 'ನಾನು ಮನೆಯವನೇ' ಅಂದರೆ ಕಾವಲುಗಾರ ಏನು ಮಾಡಿಯಾನು?"

"ಅವು ನಿಜವಾಗಿಯೂ ಗಡ್ಡೆಯೊಳಗೇ ತುಂಬಿದ್ದರೆ?"

"ಆಗ ನಾನೂ ಹಿಗ್ಗುತ್ತಿದ್ದೆ. ಔಷಧಿ ಮಾತ್ರ ಬೇಡ ಅನ್ನುತ್ತಿರಲಿಲ್ಲ."

ಹೊರಗೆ ಕೊಟ್ರಮ್ಮ ಯಾರಿಗೋ ಹೇಳುವುದು ಕೇಳಿಸಿತು: "ನನ್ನ ಮೈ ಗಟ್ಟಿ ಐತ್ರೀ. ಡಾಕ್ಟ್ರೇ ಹೇಳ್ಯಾರ."

ತಿಪ್ಪೇಶ ತಲೆ ತಗ್ಗಿಸಿದ. "ಕೊಟ್ಟ ಆಸೆಯನ್ನು ಯಾವ ಬಾಯಿಂದ ಕಿತ್ತುಕೊಳ್ಳಲಿ? ಬೆಳಿಗ್ಗೆ ಒಂದು ಹೇಳಿದವನು ಈಗ ಇನ್ನೊಂದು ಹೇಳಿದರೆ ಅವಳು ನಂಬುತ್ತಾಳಾ?"

ನೀಲಾಂಬಿಕೆ ಪೊಟ್ಟಣವನ್ನು ಅವನ ಕೈಯಲ್ಲಿಟ್ಟರು. ಅರ್ಧ ಮಂಡಕ್ಕಿ ಉಳಿದಿತ್ತು.

"ಬಸ್ಸಿಗೆ ಇನ್ನೂ ಹೊತ್ತಿದೆ. ಅವಳನ್ನು ಹೊಳೆಗೆ ಕರೆದುಕೊಂಡು ಹೋಗು. ಎರಡೂ ಮೆಟ್ಟಿಲಿಗೆ."